ಲೇಖನಿಯ ವೇಗಕ್ಕೆ ಪಾಠ ಹೇಳಕೂಡದು

ವಿದ್ಯಾರ್ಥಿಗಳು ಬರೆದುಕೊಳ್ಳಲು ಅನುಕೂಲವಾಗಲೆಂದು ನಿಧಾನವಾಗಿ ಪಾಠ ಹೇಳುವುದು ಅಪರಾಧವೆಂದೂ, ಹಾಗೆ ಹೇಳಿದ ಅಧ್ಯಾಪಕನು ಒಂದು ವರ್ಷ ಕಾಲ ಪಾಠ ಹೇಳುವ ಹಕ್ಕನ್ನೂ ವಿಶ್ವವಿದ್ಯಾನಿಲಯದ ಗೌರವಗಳನ್ನೂ ಅಧಿಕಾರ ಸ್ಥಾನಗಳನ್ನೂ ಕಳೆದುಕೊಳ್ಳತಕ್ಕದ್ದೆಂದೂ 1355ನೆಯ ಇಸವಿಯ ಡಿಸೆಂಬರ್ 10ರಂದು ಪ್ಯಾರಿಸ್ ವಿಶ್ವವಿದ್ಯಾನಿಲಯದ ಕಲಾವಿಭಾಗದ ಅಧ್ಯಾಪಕರು ಸಭೆ ಸೇರಿ ವಿಧಿಸಿದರು. ಮಧ್ಯಯುಗದ ವಿಶ್ವವಿದ್ಯಾನಿಲಯಗಳ ದಾಖಲೆಗಳನ್ನು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದು 1944ರಲ್ಲಿ ಪ್ರಕಟಿಸಿದ ಲಿನ್ ಥಾರ್ನ್‌ಡೈಕ್ ಎಂಬ ಅಮೆರಿಕದ ಇತಿಹಾಸಕಾರರ ಸಂಕಲನವನ್ನು ಬೇರಾವುದೋ ವಿಷಯವನ್ನು ಅರಸಿಕೊಂಡು ಗ್ರಂಥಾಲಯದಲ್ಲಿ ತಿರುವಿ ಹಾಕುತ್ತಿದ್ದಾಗ ಈ ಶಾಸನವು ನನ್ನ ಕಣ್ಣಿಗೆ ಬಿದ್ದಿತು. ಬಿದ್ದ ಮೇಲೆ ನಾನು ಅರಸಿಕೊಂಡು ಹೋಗಿದ್ದ ವಿಷಯವು ಅಲ್ಲಿಯೇ ಉಳಿಯಿತು. ಅಧ್ಯಾಪಕರು ತಮ್ಮ ಉಪನ್ಯಾಸದ ಟಿಪ್ಪಣಿಗಳನ್ನು ತರಗತಿಗೆ ಮುಂಚಿತವಾಗಿಯೇ ವಿದ್ಯಾರ್ಥಿಗಳಿಗೆ ಕೊಡಬೇಕೆ, ಕೊಡಬಾರದೆ ಎಂದು ಇಂದು ನಮ್ಮ ಕಾಲೇಜುಗಳ ಅಧ್ಯಾಪಕರ ಕೊಠಡಿಗಳಲ್ಲಿ ನಡೆಯುವ ಚರ್ಚೆಯನ್ನು ನಾನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ಆ ಚರ್ಚೆಯ ಬೇರು ಆರೂವರೆ ಶತಮಾನಗಳಿಗೂ ಹಿಂದಿನ ಒಂದು ಬೀದಿಯವರೆಗೆ ಚಾಚಿಕೊಂಡಿದೆಯೆಂಬುದು ಆ ದಿನ ತಿಳಿದು ನನಗಾದ ಸಂತೋಷ ಇನ್ನೂ ಇಳಿದಿಲ್ಲ.

ಶಾಸನದ ಸಾರವನ್ನು ಹೇಳುತ್ತೇನೆ. ಪಾಠ ಹೇಳುವ ಎರಡು ವಿಧಾನಗಳನ್ನು ತಾವು ಪರೀಕ್ಷಿಸಿ ನೋಡಿದ್ದೇವೆನ್ನುತ್ತಾರೆ ಆ ಅಧ್ಯಾಪಕರು. ಮೊದಲನೆಯದರಲ್ಲಿ ಉಪನ್ಯಾಸಕನು ಕೇಳುವವನ ಮನಸ್ಸು ಗ್ರಹಿಸಬಲ್ಲಷ್ಟು, ಆದರೆ ಅವನ ಕೈ ಹಿಂಬಾಲಿಸಲಾರದಷ್ಟು ವೇಗವಾಗಿ ಮಾತನಾಡುತ್ತಾನೆ. ಎರಡನೆಯದರಲ್ಲಿ ಎದುರು ಕುಳಿತವರ ಲೇಖನಿಯು ತನ್ನನ್ನು ಬಂದು ಸೇರುವವರೆಗೆ ಕಾದು ಕಾದು ಒಂದೊಂದೇ ಪದವನ್ನು ಬಿಡುತ್ತಾನೆ. ಎರಡನ್ನೂ ತೂಗಿ ನೋಡಲಾಗಿ ಮೊದಲನೆಯದೇ ಶ್ರೇಷ್ಠವೆಂದು ಕಂಡುಬಂದುದರಿಂದ, ಇನ್ನು ಮುಂದೆ ಪ್ರತಿಯೊಬ್ಬ ಅಧ್ಯಾಪಕನೂ ತನ್ನೆದುರಿನಲ್ಲಿ ಯಾರೂ ಬರೆದುಕೊಳ್ಳುತ್ತಿಲ್ಲವೆಂಬಂತೆಯೇ ಮಾತನಾಡತಕ್ಕದ್ದು. ಲೇಖನಿಯ ವೇಗಕ್ಕೆ ಹೇಳಿಕೊಡುವವನಿಗೆ ಒಂದು ವರ್ಷದ ಬಹಿಷ್ಕಾರ. ಮತ್ತೆ ತಪ್ಪಿದರೆ ಶಿಕ್ಷೆಯು ಇಮ್ಮಡಿ, ಆಮೇಲೆ ನಾಲ್ಮಡಿ.

ಇಷ್ಟೇ ಆಗಿದ್ದರೆ ಅದನ್ನೊಂದು ಆಡಳಿತದ ಕಡತವೆಂದು ಮಡಿಸಿಡಬಹುದಿತ್ತು. ಆದರೆ ಅದರ ಕೊನೆಯ ಭಾಗವು ನನ್ನನ್ನು ಹಿಡಿದು ನಿಲ್ಲಿಸಿತು. ಈ ನಿಯಮದ ಆಚರಣೆಯನ್ನು ವಿರೋಧಿಸಿ ಕೂಗಾಡುವ, ಸಿಳ್ಳು ಹಾಕುವ, ಗದ್ದಲವೆಬ್ಬಿಸುವ, ತಾವಾಗಿಯೇ ಅಥವಾ ತಮ್ಮ ಆಳುಗಳ ಮತ್ತು ಸಂಗಡಿಗರ ಮೂಲಕ ಕಲ್ಲು ತೂರುವ ವಿದ್ಯಾರ್ಥಿಗಳನ್ನು ಒಂದು ವರ್ಷ ಕಾಲ ವಿಶ್ವವಿದ್ಯಾನಿಲಯದ ಸಮಾಜದಿಂದ ಹೊರಗಿಡಲಾಗುವುದೆಂದು ಅಲ್ಲಿ ಬರೆದಿದೆ. ಕಲ್ಲು ತೂರುವುದು! ನಡೆಯದೆ ಇದ್ದುದನ್ನು ಯಾವ ಶಾಸನಕಾರನೂ ಅಷ್ಟು ವಿವರವಾಗಿ ನಿಷೇಧಿಸುವುದಿಲ್ಲ. ಆದಕಾರಣ ಅಧ್ಯಾಪಕನು ವೇಗವಾಗಿ ಪಾಠ ಹೇಳಿದನೆಂಬ ಒಂದೇ ಕಾರಣಕ್ಕೆ ಪ್ಯಾರಿಸ್ಸಿನ ಯುವಕರು ಕಲ್ಲೆತ್ತಿಕೊಂಡಿದ್ದಿರಬೇಕೆಂದೂ, ಒಮ್ಮೆಯಲ್ಲ, ಅಧ್ಯಾಪಕರ ಸಭೆಯು ಚಿಂತಿಸುವಷ್ಟು ಬಾರಿ ಎತ್ತಿಕೊಂಡಿದ್ದಿರಬೇಕೆಂದೂ ನಾನು ತಿಳಿಯುತ್ತೇನೆ. ಆಳುಗಳ ಪ್ರಸ್ತಾಪವಂತೂ ನನ್ನನ್ನು ಬಹಳ ದಿನ ಕಾಡಿತು. ಆಳುಗಳನ್ನು ಇಟ್ಟುಕೊಳ್ಳಬಲ್ಲ ಶ್ರೀಮಂತರ ಮಕ್ಕಳೂ ತರಗತಿಯಲ್ಲಿದ್ದರೆಂಬುದು ಅದರಿಂದ ಸ್ಪಷ್ಟ. ಗ್ರಂಥವನ್ನು ಕೊಂಡುಕೊಳ್ಳಬಲ್ಲ ಆ ಹುಡುಗರಿಗೂ ಅಧ್ಯಾಪಕನ ಬಾಯಿಂದ ಬಂದ ಟಿಪ್ಪಣಿಯು ಕಲ್ಲು ತೂರಿಸುವಷ್ಟು ಅಗತ್ಯವಾಗಿ ತೋರಿತೆಂದರೆ, ಅವರಿಗೆ ಬೇಕಾಗಿದ್ದುದು ಮೂಲಗ್ರಂಥವಲ್ಲ, ಅದರ ಮೇಲೆ ಗುರುವು ಮಾಡುವ ವ್ಯಾಖ್ಯಾನದ ಅಕ್ಷರರೂಪವೆಂದು ಊಹಿಸಬೇಕಾಗುತ್ತದೆ.

ಆ ಕಲ್ಲುಗಳು ಬಿದ್ದ ಸ್ಥಳವನ್ನೂ ಕಲ್ಪಿಸಿಕೊಳ್ಳಬಹುದು. ಕಲಾವಿಭಾಗದ ಪಾಠಶಾಲೆಗಳಿದ್ದುದು ಸೇನ್ ನದಿಯ ಎಡದಂಡೆಯ ಹುಲ್ಲುಬೀದಿಯಲ್ಲಿ. ಮಹಾಕವಿ ಡಾಂಟೆಯು ತನ್ನ ಸ್ವರ್ಗಕಾಂಡದಲ್ಲಿ ಆ ಬೀದಿಯನ್ನು ಹೆಸರಿಸಿದ್ದಾನೆ. ನೆಲಕ್ಕೆ ಹಾಸಿದ ಒಣಹುಲ್ಲಿನ ಮೇಲೆ ವಿದ್ಯಾರ್ಥಿಗಳು ಕುಳಿತುಕೊಳ್ಳುತ್ತಿದ್ದರು. ಯುವಕರಲ್ಲಿ ಗರ್ವಕ್ಕೆ ಎಡೆಯಾಗಬಾರದೆಂದು ಬೆಂಚುಗಳನ್ನು ಬಿಟ್ಟು ನೆಲದ ಮೇಲೆಯೇ ಕುಳಿತುಕೊಳ್ಳಬೇಕೆಂದು 1366ರಲ್ಲಿ ಮತ್ತೊಂದು ಆಜ್ಞೆ ಹೊರಟಿತು. ಮೊಣಕಾಲ ಮೇಲೆ ಬರೆಯುವ ಹಲಗೆ, ಮಗ್ಗುಲಲ್ಲಿ ಮಸಿಕುಡಿಕೆ, ಚಳಿಗಾಲದ ಮುಂಜಾನೆಯ ಮಬ್ಬು ಬೆಳಕು, ಎದುರಿಗೆ ನಿಲ್ಲದೆ ಸಾಗುವ ಲ್ಯಾಟಿನ್: ಆ ಹುಡುಗರ ಕೋಪವು ನನಗೆ ಅರ್ಥವಾಗದೆ ಇಲ್ಲ. ಅಂದಿನ ಗ್ರಂಥವ್ಯಾಪಾರಿಗಳು ಪಠ್ಯಗಳನ್ನು ಬಿಡಿ ಬಿಡಿ ಕಟ್ಟುಗಳಾಗಿ ಬಾಡಿಗೆಗೆ ಕೊಡುತ್ತಿದ್ದರು. ವಿಶ್ವವಿದ್ಯಾನಿಲಯವೇ ಆ ಬಾಡಿಗೆಯ ದರವನ್ನು ಗೊತ್ತುಮಾಡುತ್ತಿತ್ತು. ವಿದ್ಯಾರ್ಥಿಯು ಒಂದು ಕಟ್ಟನ್ನು ಒಯ್ದು, ನಕಲು ಮಾಡಿಕೊಂಡು, ಹಿಂದಿರುಗಿಸಿ, ಮುಂದಿನದನ್ನು ತರಬೇಕಾಗಿತ್ತು. ಇಂಥ ಸ್ಥಿತಿಯಲ್ಲಿ ತರಗತಿಯಲ್ಲಿ ಬರೆದುಕೊಂಡದ್ದೇ ಅವನ ಪಾಲಿನ ಪುಸ್ತಕ.

ಆದರೂ ಅಧ್ಯಾಪಕರ ಮಾತಿನಲ್ಲಿ ಸತ್ಯವಿತ್ತೆಂದೇ ನನ್ನ ನಂಬಿಕೆ. ಗುರುವೂ ಶಿಷ್ಯರೂ ಒಂದೆಡೆ ಸೇರುವ ಆ ಒಂದು ಗಂಟೆಯು, ಯಾವ ಗ್ರಂಥದಲ್ಲಿಯೂ ದೊರಕದ, ಪ್ರಶ್ನೆಗೆ ಒಡನೆಯೇ ಉತ್ತರವೂ ಉತ್ತರಕ್ಕೆ ಒಡನೆಯೇ ಮರುಪ್ರಶ್ನೆಯೂ ಹುಟ್ಟುವ ಒಂದು ಗಂಟೆ. ಅದನ್ನು ನಕಲು ಮಾಡುವುದರಲ್ಲಿ ವ್ಯಯಮಾಡುವುದು ದೊಡ್ಡ ನಷ್ಟ. ಅವರು ಕಾಣದೆ ಹೋದುದು ಒಂದನ್ನೇ: ಬರೆದುಕೊಳ್ಳುವುದನ್ನು ನಿಲ್ಲಿಸಬೇಕಾದರೆ ಬರೆದದ್ದನ್ನು ಮೊದಲೇ ಕೈಗೆ ಕೊಟ್ಟಿರಬೇಕು. ಕೊಡುವ ಸಾಧನ ಅವರಲ್ಲಿರಲಿಲ್ಲ. ಸುಮಾರು ಒಂದು ಶತಮಾನ ಕಳೆದ ಮೇಲೆ, 1452ರಲ್ಲಿ, ಕಾರ್ಡಿನಲ್ ಎಸ್ತೂತ್‌ವಿಲ್ಲನು ವಿಶ್ವವಿದ್ಯಾನಿಲಯವನ್ನು ಸುಧಾರಿಸಿದಾಗ ಹೇಳಿ ಬರೆಯಿಸುವುದಕ್ಕೆ ಮತ್ತೆ ಅವಕಾಶ ದೊರೆಯಿತು; 1470ರಲ್ಲಿ ಸಾರ್ಬೋನಿನಲ್ಲಿಯೇ ಫ್ರಾನ್ಸ್ ದೇಶದ ಮೊದಲ ಮುದ್ರಣಯಂತ್ರವು ಪ್ರತಿಷ್ಠಿತವಾಯಿತು.

ಮುದ್ರಣವು ಬಂದಿತೆಂದು ಬರೆಯಿಸುವುದು ನಿಂತಿತೆ? ನಿಲ್ಲಲಿಲ್ಲ, ಆದರೆ ಅದರಿಂದ ಹುಟ್ಟಿದ ಒಂದು ವಸ್ತುವು ನನಗೆ ಈ ಸಮಸ್ತ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದದ್ದು. 16ನೆಯ ಶತಮಾನದ ಪ್ಯಾರಿಸ್ಸಿನ ಮುದ್ರಕರು ಕಾಲೇಜುಗಳ ತರಗತಿಗಳಿಗೆಂದೇ ಲ್ಯಾಟಿನ್ ಕೃತಿಗಳನ್ನು ತೆಳ್ಳನೆಯ ಹೊತ್ತಗೆಗಳಾಗಿ, ಸಾಲು ಸಾಲುಗಳ ನಡುವೆ ಅಗಲವಾದ ತೆರಪನ್ನೂ ಸುತ್ತಲೂ ವಿಶಾಲವಾದ ಅಂಚನ್ನೂ ಬಿಟ್ಟು ಅಚ್ಚುಹಾಕುತ್ತಿದ್ದರು. ವಿದ್ಯಾರ್ಥಿಯು ಮೂಲವನ್ನು ಕೈಯಲ್ಲಿ ಹಿಡಿದೇ ತರಗತಿಗೆ ಬರುವನು. ಸಾಲುಗಳ ನಡುವೆ ಪದಾರ್ಥವನ್ನೂ ಅಂಚಿನಲ್ಲಿ ವ್ಯಾಖ್ಯಾನವನ್ನೂ ತಾನೇ ತುಂಬಿಕೊಳ್ಳುವನು. 1570ರ ದಶಕದಲ್ಲಿ ಕ್ಲೋದ್ ಮಿನ್ಯೋ ಎಂಬ ಅಧ್ಯಾಪಕನು ಹೇಳಿದ ಪಾಠಗಳನ್ನು ಶಿಷ್ಯನೊಬ್ಬನು ಹೀಗೆ ತುಂಬಿಕೊಂಡ ಪ್ರತಿಗಳು ಇಂದಿಗೂ ಉಳಿದಿದ್ದು, ಇತಿಹಾಸಕಾರ ಆಂಥೊನಿ ಗ್ರಾಫ್ಟನ್ ಅವರು ಅವನ್ನು ಆಧರಿಸಿ ಒಂದು ತರಗತಿಯನ್ನೇ ಪುನಃ ಕಟ್ಟಿ ನಿಲ್ಲಿಸಿದ್ದಾರೆ. ಮುಂಚಿತವಾಗಿ ಕೊಡಬೇಕಾದದ್ದನ್ನು ಕೊಟ್ಟು, ವಿದ್ಯಾರ್ಥಿಯ ಕೈಗೆ ಕೆಲಸವನ್ನೂ ಉಳಿಸುವ ಈ ತೆರಪಿನಲ್ಲಿ ನಮ್ಮ ಪ್ರಶ್ನೆಯ ಉತ್ತರವು ಅಡಗಿದೆಯೆಂದು ನಾನು ದೃಢವಾಗಿ ನಂಬಿದ್ದೇನೆ.

ನಮ್ಮಲ್ಲಿಯ ವಿಷಯವನ್ನು ವಿಸ್ತರಿಸಿ ಹೇಳಬೇಕಾದದ್ದಿಲ್ಲ. ಓದುಗರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರೆಲ್ಲರೂ ಅದನ್ನು ಬಲ್ಲರು. ‘ನೋಟ್ಸ್ ಬರೆಸುವುದು’ ಎಂಬ ಕ್ರಿಯೆಯು ನಮ್ಮ ಪಿಯು ಮತ್ತು ಪದವಿ ತರಗತಿಗಳಲ್ಲಿ ಪಾಠದ ಒಂದು ಅಂಗವಾಗಿ ಉಳಿಯದೆ ಅನೇಕ ಕಡೆ ಪಾಠವೇ ಆಗಿದೆ. ಅಧ್ಯಾಪಕರು ಹಳದಿಯಾದ ಹಾಳೆಗಳನ್ನು ನೋಡಿ ಹೇಳುತ್ತಾರೆ, ಹುಡುಗರು ತಲೆ ತಗ್ಗಿಸಿ ಬರೆಯುತ್ತಾರೆ, ಹಿಂದಿನ ಬೆಂಚಿನಿಂದ ‘ಸಾರ್, ಇನ್ನೊಂದ್ಸಲ’ ಎಂಬ ಒಂದೇ ಮಾತು ಕೇಳಿಬರುತ್ತದೆ, ಗಂಟೆ ಬಾರಿಸುತ್ತದೆ. ಅದೇ ಟಿಪ್ಪಣಿಯು, ಹಿಂದಿನ ವರ್ಷದ ಯಾವಳೋ ಜಾಣ ಹುಡುಗಿಯ ಅಚ್ಚುಕಟ್ಟಾದ ಅಕ್ಷರಗಳಲ್ಲಿ, ಕಾಲೇಜಿನ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಆಗಿ ದೊರೆಯುತ್ತಿರುತ್ತದೆ. 1355ರ ಅಧ್ಯಾಪಕರು ಖಂಡಿಸಿದ ವಿಧಾನವನ್ನು ನಾವು, ಅವರಿಗಿಲ್ಲದ ಸಾಧನಗಳೆಲ್ಲವೂ ನಮಗಿದ್ದೂ, ಇಂದಿಗೂ ನಡೆಸುತ್ತಿದ್ದೇವೆಂಬುದು ದುಃಖದ ಸಂಗತಿ.

ಹೀಗಿರುತ್ತ, ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮಿತ್ರರೊಬ್ಬರು, ತಾವು ನಾಲ್ಕಾರು ವರ್ಷಗಳಿಂದ ತರಗತಿಗೆ ಮುಂಚೆಯೇ ಟಿಪ್ಪಣಿ ಕೊಡುತ್ತಿರುವುದಾಗಿ ಹೇಳಿ, ನೋಡಬೇಕಾದರೆ ಬನ್ನಿರೆಂದು ಕರೆದರು. ಕಳೆದ ಮಳೆಗಾಲದಲ್ಲಿ ಹೋದೆ. ಬಿ.ಎಸ್ಸಿ. ಮೊದಲ ವರ್ಷದ ತರಗತಿ. ನ್ಯೂಟನ್ನನ ಮೂರನೆಯ ನಿಯಮ. ಎರಡು ಪುಟಗಳ ಒಂದು ಹಾಳೆಯು ಹಿಂದಿನ ವಾರವೇ ಎಲ್ಲರ ಕೈ ಸೇರಿತ್ತು. ಅದರಲ್ಲಿ ನಿಯಮದ ಹೇಳಿಕೆ, ಎರಡು ಸಮೀಕರಣ, ಲಾರಿಯೊಂದು ಆಟೋರಿಕ್ಷಾಕ್ಕೆ ಢಿಕ್ಕಿ ಹೊಡೆಯುವ ಚಿತ್ರ. ಚಿತ್ರದಲ್ಲಿ ಬಲಗಳನ್ನು ಸೂಚಿಸುವ ಬಾಣಗಳಿರಲಿಲ್ಲ, ಕೆಳಗೆ ನಾಲ್ಕು ಸಾಲು ಖಾಲಿ. ಬಾಣಗಳನ್ನು ಎಳೆದುಕೊಂಡು ಬರುವುದು ಮನೆಯ ಕೆಲಸ. ಅಧ್ಯಾಪಕರು ಒಳಗೆ ಬಂದು ಹಾಳೆಯನ್ನು ಓದಲಿಲ್ಲ; ಬೆಂಚುಗಳ ನಡುವೆ ನಡೆದುಹೋಗುತ್ತ ಬಾಣಗಳನ್ನು ನೋಡಿದರು. ಲಾರಿಯಿಂದ ಆಟೋದ ಕಡೆಗೆ ಉದ್ದನೆಯ ಬಾಣ, ಆಟೋದಿಂದ ಲಾರಿಯ ಕಡೆಗೆ ಮೋಟು ಬಾಣ: ಬಹುಮಂದಿ ಎಳೆದದ್ದು ಹಾಗೆ.

‘ಲಾರಿ ದೊಡ್ಡದಲ್ವಾ ಸಾರ್, ಅದೇ ಜೋರಾಗಿ ಗುದ್ದೋದು’ ಎಂದನು ಕಿಟಕಿಯ ಪಕ್ಕದ ಹುಡುಗ.

‘ಹಾಗಾದ್ರೆ ಮೇಲೆ ಬರ್ದಿರೋ ನಿಯಮ ಸುಳ್ಳೇನಪ್ಪ?’ ಎಂದು ಅಧ್ಯಾಪಕರು ಕೇಳಿದರು.

ಆ ಪ್ರಶ್ನೆಯ ಮೇಲೆ ತರಗತಿಯು ಇಪ್ಪತ್ತು ನಿಮಿಷ ಹೊಯ್ದಾಡಿತು. ಅಕ್ಕಪಕ್ಕದವರು ವಾದಿಸಿದರು, ಎಳೆದ ಬಾಣಗಳನ್ನು ಅಳಿಸಿದರು, ಮತ್ತೆ ಎಳೆದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, ‘ಬಲ ಎರಡಕ್ಕೂ ಒಂದೇ ಸಾರ್. ಆಟೋ ಹಗುರ, ಅದಕ್ಕೇ ಅದು ನಜ್ಜುಗುಜ್ಜಾಗೋದು’ ಎಂದಳು. ಪಾಠ ಮುಗಿದ ಮೇಲೆ ಅವಳ ಹಾಳೆಯನ್ನು ಕೇಳಿ ನೋಡಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಸಾಲುಗಳ ನಡುವೆ ಪೆನ್ಸಿಲಿನಲ್ಲಿ ಸಂವೇಗ, ವೇಗೋತ್ಕರ್ಷ, ಜಡತ್ವ ಎಂದು ಸಣ್ಣಗೆ ಬರೆದುಕೊಂಡಿದ್ದಳು. ಅಂದಿನ ತರಗತಿಯಲ್ಲಿ ಯಾರಿಗೂ ಆ ಶಬ್ದಗಳು ಅಪರಿಚಿತವಾಗಿ ಎದುರು ನಿಂತಿರಲಿಲ್ಲ. ನೂರಾರು ಗ್ರಾಮಗಳಿಂದ ಕನ್ನಡದಲ್ಲಿ ಓದಿ ಬಂದು, ಒಮ್ಮೆಲೇ ಇಂಗ್ಲಿಷಿನ ಉಪನ್ಯಾಸದ ಎದುರು ಕೂರುವ ನಮ್ಮ ಮಕ್ಕಳು ಒಂದೇ ಕಾಲದಲ್ಲಿ ಕೇಳಬೇಕು, ಭಾಷೆಯನ್ನು ಬಿಡಿಸಿಕೊಳ್ಳಬೇಕು, ವಿಷಯವನ್ನು ಅರಿಯಬೇಕು, ಬರೆದೂಕೊಳ್ಳಬೇಕು. ಈ ನಾಲ್ಕರಲ್ಲಿ ಎರಡನ್ನಾದರೂ ಹಿಂದಿನ ರಾತ್ರಿಯೇ ಮನೆಯಲ್ಲಿ ಮುಗಿಸಿಕೊಂಡು ಬರಲು ಅವರಿಗೆ ಅವಕಾಶವನ್ನು ಕೊಡದಿರುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಕಪ್ಪುಹಲಗೆಯನ್ನು ಕಾಣಲಾರದ, ಅಥವಾ ಮಾತು ಸರಿಯಾಗಿ ಕೇಳಿಸದ ವಿದ್ಯಾರ್ಥಿಗೆ ಇದರಿಂದಾಗುವ ಉಪಕಾರವಂತೂ ವಾದಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ.

ಲಾರಿಯ ಪ್ರಶ್ನೆಯನ್ನು ನನ್ನ ಮಿತ್ರರು ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರರಿಂದ ಪಡೆದುಕೊಂಡರು. ಮಜೂರರ ಕಥೆಯು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. 1984ರಲ್ಲಿ ಪಾಠ ಹೇಳಲು ತೊಡಗಿದ ಅವರು ತಮ್ಮ ಉಪನ್ಯಾಸವು ಪಠ್ಯಪುಸ್ತಕಕ್ಕಿಂತ ಭಿನ್ನವಾಗಿದ್ದುದರಿಂದ ತಮ್ಮ ಟಿಪ್ಪಣಿಗಳ ಪ್ರತಿಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟರು; ಸೆಮಿಸ್ಟರಿನ ಕೊನೆಯ ಅಭಿಪ್ರಾಯಪತ್ರಗಳಲ್ಲಿ ಕೆಲವರು, ಇವರು ಟಿಪ್ಪಣಿಯಲ್ಲಿದ್ದುದನ್ನೇ ತರಗತಿಯಲ್ಲಿ ಹೇಳುತ್ತಾರೆಂದು ದೂರಿದರು. ಕೊಟ್ಟದ್ದಕ್ಕಿಂತ ಬೇರೆಯ ಇನ್ನೊಂದು ಟಿಪ್ಪಣಿಯನ್ನು ಎಲ್ಲಿಂದ ತರಲಿ ಎಂದುಕೊಂಡು ಅವರು ಸುಮ್ಮನಾದರು. ಕೆಲವು ವರ್ಷಗಳ ಅನಂತರ, ನಿಯಮಗಳನ್ನು ಕಂಠಪಾಠವಾಗಿ ಒಪ್ಪಿಸಬಲ್ಲ ವಿದ್ಯಾರ್ಥಿಗಳೂ ಸರಳವಾದ ಪರಿಕಲ್ಪನೆಗಳಲ್ಲಿ ಎಡವುತ್ತಾರೆಂದು ಹಲೂನ್ ಮತ್ತು ಹೆಸ್ಟೆನೆಸ್ ಎಂಬ ಸಂಶೋಧಕರು ಬರೆದುದನ್ನು ಓದಿ, ತಮ್ಮ ಹುಡುಗರನ್ನೇ ಪರೀಕ್ಷಿಸಿದಾಗ, ದೂರಿದವರು ಹೇಳಿದ್ದು ನಿಜವೆಂದು ಅವರಿಗೆ ಮನವರಿಕೆಯಾಯಿತು. 1991ರಿಂದ ಅವರು ಓದುವುದನ್ನು ತರಗತಿಗೆ ಮುಂಚೆಯೂ ಚರ್ಚಿಸುವುದನ್ನು ತರಗತಿಯಲ್ಲಿಯೂ ಇಟ್ಟರು: ಪ್ರಶ್ನೆ ಕೇಳುವುದು, ಪ್ರತಿಯೊಬ್ಬನೂ ತನ್ನ ಉತ್ತರ ಹೇಳುವುದು, ಪಕ್ಕದವನನ್ನು ಒಪ್ಪಿಸಲು ಯತ್ನಿಸುವುದು, ಮತ್ತೆ ಉತ್ತರಿಸುವುದು. ಟಿಪ್ಪಣಿಯನ್ನು ಮೊದಲೇ ಕೊಡುವುದರಲ್ಲಿ ದೋಷವಿರಲಿಲ್ಲ; ಕೊಟ್ಟ ಮೇಲೆ ಅದನ್ನೇ ತರಗತಿಯಲ್ಲಿ ಮತ್ತೆ ಹೇಳುವುದರಲ್ಲಿ ದೋಷವಿತ್ತು.

ವಿರೋಧಿಸುವವರ ವಾದಗಳು ಎರಡು. ಮೊದಲೇ ಕೈಗೆ ಕೊಟ್ಟರೆ ಹುಡುಗರು ತರಗತಿಗೇ ಬರುವುದಿಲ್ಲವೆಂಬುದು ಒಂದು. ಕೆನಡಾದ ಬ್ಯಾಬ್ ಮತ್ತು ರಾಸ್ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಲೈಡುಗಳನ್ನು ಮುಂಚಿತವಾಗಿ ಕೊಟ್ಟಾಗ ಹಾಜರಾತಿಯು ಹೆಚ್ಚು ಕ್ರಮಬದ್ಧವಾಗಿತ್ತು. ಪರೀಕ್ಷೆಯ ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಸಹಜವಾಗಿಯೇ ಮಾತನಾಡುವ ಸ್ವಭಾವದವರು ಕೊಂಚ ಕಡಿಮೆ ಮಾತನಾಡಿದರು. ಈ ಕೊನೆಯ ಅಂಶವನ್ನು ನಾನು ಲಘುವಾಗಿ ಕಾಣುವುದಿಲ್ಲ. ಪೂರ್ಣವಾದ ಟಿಪ್ಪಣಿಯು ಕೇಳುವುದಕ್ಕೆ ಏನನ್ನೂ ಉಳಿಸುವುದಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಎರಡನೆಯ ವಾದವು ಇದಕ್ಕಿಂತ ಗಂಭೀರವಾದದ್ದು: ಬರೆದುಕೊಳ್ಳುವುದೇ ಕಲಿಯುವುದು, ಕೈಯ ಶ್ರಮವನ್ನು ಕಿತ್ತುಕೊಂಡರೆ ಮನಸ್ಸೂ ಆಲಸಿಯಾಗುತ್ತದೆ. ಡಿ ವೆಸ್ಟಾ ಮತ್ತು ಗ್ರೇ ಎಂಬ ಮನೋವಿಜ್ಞಾನಿಗಳು 1972ರಲ್ಲಿಯೇ ಟಿಪ್ಪಣಿ ಬರೆಯುವುದರ ಎರಡು ಪ್ರಯೋಜನಗಳನ್ನು ಬೇರ್ಪಡಿಸಿ ತೋರಿಸಿದ್ದಾರೆ. ಬರೆಯುವಾಗ ವಿಷಯವು ಮನಸ್ಸಿನೊಳಗೆ ರೂಪುಗೊಳ್ಳುವುದು ಒಂದು, ಬರೆದದ್ದು ಮುಂದೆ ಓದಲು ಒದಗುವುದು ಇನ್ನೊಂದು. ಮೊದಲನೆಯದರ ಹಿರಿಮೆಗೆ ಜಿನೀವಾದ ಭಾಷಾವಿಜ್ಞಾನಿ ಸೊಸ್ಯೂರನ ವಿದ್ಯಾರ್ಥಿಗಳಿಗಿಂತ ದೊಡ್ಡ ನಿದರ್ಶನವು ಬೇಕಿಲ್ಲ. 1907ರಿಂದ 1911ರವರೆಗೆ ಮೂರು ಆವೃತ್ತಿಗಳಲ್ಲಿ ಸಾಮಾನ್ಯ ಭಾಷಾಶಾಸ್ತ್ರವನ್ನು ಬೋಧಿಸಿದ ಆತನು ತನ್ನ ಕರಡುಗಳನ್ನು ಉಳಿಸಿಕೊಳ್ಳದೆಯೇ 1913ರಲ್ಲಿ ತೀರಿಕೊಂಡನು. ಬಾಯಿ ಮತ್ತು ಸೆಶೆಹೇ ಎಂಬ ಸಹೋದ್ಯೋಗಿಗಳು ಶಿಷ್ಯರ ನೋಟುಪುಸ್ತಕಗಳನ್ನು ಕೂಡಿಸಿ 1916ರಲ್ಲಿ, ನಮ್ಮ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ವರ್ಷದಲ್ಲಿಯೇ, ಆಧುನಿಕ ಭಾಷಾವಿಜ್ಞಾನಕ್ಕೆ ಅಡಿಗಲ್ಲಾದ ಗ್ರಂಥವನ್ನು ಹೊರತಂದರು. ಅಚ್ಚಾದ ಹಾಳೆಗಳು ಆ ಶಿಷ್ಯರ ಮುಂದಿದ್ದಿದ್ದರೆ ಅವರು ಅಷ್ಟು ಎಚ್ಚರದಿಂದ ಕಿವಿಗೊಡುತ್ತಿದ್ದರೆ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಶಿಷ್ಯರು ಬರೆದುಕೊಂಡದ್ದು ಮಾತಿನಿಂದ ಆರಿಸಿಕೊಂಡ ತಿರುಳನ್ನು. ನಮ್ಮ ತರಗತಿಗಳಲ್ಲಿ ಬರೆಯಿಸುವುದು ಅಲ್ಪವಿರಾಮ ಸಹಿತವಾದ ಉಕ್ತಲೇಖನವನ್ನು. ಆರಿಸಿಕೊಳ್ಳದ ಕೈಯು ಎಷ್ಟು ಬರೆದರೂ ಮನಸ್ಸಿಗೆ ಕೆಲಸವಿಲ್ಲ. 2010ರಲ್ಲಿ ಎಲಿಜಬೆತ್ ಮಾರ್ಷ್ ಮತ್ತು ಹಾಲಿ ಸಿಂಕ್ ನಡೆಸಿದ ಪ್ರಯೋಗಗಳಲ್ಲಿಯೂ, ಮುದ್ರಿತ ಹಾಳೆ ಕೈಯಲ್ಲಿದ್ದವರು ಕಡಿಮೆ ಬರೆದುಕೊಂಡರು, ಆದರೆ ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ.

ಮುಂಚಿತವಾಗಿ ಓದಿದವನಿಗೆ ಅಧ್ಯಾಪಕನು ಬೇಡವಾಗುವನೆಂಬ ಅಂಜಿಕೆಯೂ ಬೇಡ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬೋಧಿಸಿದ ಎಂ. ಹಿರಿಯಣ್ಣನವರು ಅನೇಕ ವರ್ಷಗಳ ತಮ್ಮ ಉಪನ್ಯಾಸಗಳನ್ನು ಆಧಾರವಾಗಿಟ್ಟುಕೊಂಡು 1932ರಲ್ಲಿ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಯನ್ನು ಪ್ರಕಟಿಸಿದರು; ಇಂದು ಯಾವ ಊರಿನ ವಿದ್ಯಾರ್ಥಿಯಾದರೂ ಆ ಮಹಾನುಭಾವರ ಪಾಠವನ್ನು ತನ್ನ ತರಗತಿಗೆ ಹೋಗುವ ಮುನ್ನವೇ ಓದಿಕೊಂಡು ಹೋಗಬಲ್ಲನು. ಆ ಪುಸ್ತಕವನ್ನು ಓದಿದವನಿಗೆ ಇನ್ನು ಅಧ್ಯಾಪಕನೇ ಬೇಡವೆಂದು ಹೇಳಿದವರನ್ನು ನಾನು ಕಂಡಿಲ್ಲ. ಓದಿದವನಿಗೇ ಅಧ್ಯಾಪಕನ ಅಗತ್ಯವು ಹೆಚ್ಚಾಗಿ ತೋರುತ್ತದೆ, ಏಕೆಂದರೆ ಕೇಳಬೇಕಾದದ್ದೇನೆಂಬುದು ಅವನಿಗೆ ಆಗ ಗೊತ್ತಿರುತ್ತದೆ.

ಆದಕಾರಣ ನನ್ನ ತೀರ್ಪನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಟಿಪ್ಪಣಿಯನ್ನು ಮುಂಚಿತವಾಗಿಯೇ ಕೊಡಬೇಕು. ತರಗತಿಯ ಬಾಗಿಲಲ್ಲಲ್ಲ, ಎರಡು ಮೂರು ದಿನ ಮೊದಲು. ವ್ಯಾಖ್ಯೆಗಳು, ಸಮೀಕರಣಗಳು, ಇಸವಿಗಳು, ಕಠಿಣ ಶಬ್ದಗಳು, ಅಂದರೆ ತಪ್ಪಿಲ್ಲದೆ ನಕಲಾಗಬೇಕಾದ ಎಲ್ಲವೂ ಅದರಲ್ಲಿರಲಿ. ವಾದಸರಣಿಯೂ ಉದಾಹರಣೆಯೂ ತೀರ್ಮಾನವೂ ಬರಬೇಕಾದ ಎಡೆಗಳು ಖಾಲಿಯಾಗಿರಲಿ. ಹಾಳೆಯನ್ನು ಒಮ್ಮೆ ಕೊಟ್ಟ ಅಧ್ಯಾಪಕರು ಅದನ್ನು ತರಗತಿಯಲ್ಲಿ ಓದಕೂಡದು. ಇಂಥ ಹಾಳೆಯನ್ನು ಸಿದ್ಧಪಡಿಸುವುದು ಉಪನ್ಯಾಸವನ್ನು ಸಿದ್ಧಪಡಿಸುವುದಕ್ಕಿಂತ ಹೆಚ್ಚು ಶ್ರಮದ ಕೆಲಸ, ಏಕೆಂದರೆ ಯಾವುದನ್ನು ಬಿಡಬೇಕೆಂದು ಅರಿಯಲು ವಿಷಯವು ಪೂರ್ತಿಯಾಗಿ ಕೈವಶವಾಗಿರಬೇಕು.

ನಾನು ಕಂಡ ಕಾಲೇಜಿನಲ್ಲಿ ಆ ಜೆರಾಕ್ಸ್ ಪ್ರತಿಗಳ ವೆಚ್ಚವನ್ನು ವರ್ಷದಿಂದ ವರ್ಷಕ್ಕೆ ಅಧ್ಯಾಪಕರು ತಮ್ಮ ಸಂಬಳದಿಂದಲೇ ಭರಿಸುತ್ತಿದ್ದಾರೆ. ನಮ್ಮ ಪ್ರಾಂಶುಪಾಲರಲ್ಲಿಯೂ ಕಾಲೇಜು ಅಭಿವೃದ್ಧಿ ಸಮಿತಿಗಳ ಸದಸ್ಯರಲ್ಲಿಯೂ ನನ್ನದೊಂದು ವಿನಂತಿ: ಮುಂದಿನ ಸೆಮಿಸ್ಟರಿನ ಆಯವ್ಯಯವನ್ನು ಬರೆಯುವಾಗ, ಸಮಾರಂಭಗಳ ಶಾಮಿಯಾನಕ್ಕೂ ಹಾರ ತುರಾಯಿಗಳಿಗೂ ಹಣ ತೆಗೆದಿಡುವ ಮೊದಲು, ವಿದ್ಯಾರ್ಥಿಯೊಬ್ಬನಿಗೆ ವಾರಕ್ಕೆ ನಾಲ್ಕು ಹಾಳೆಗಳಿಗೆ ಸಾಲುವಷ್ಟು ಹಣವನ್ನು ದಯವಿಟ್ಟು ಬೇರೆಯಾಗಿ ಎತ್ತಿಡಿ.